ಬಚ್ಚಲ ಗೋಡೆಗೆ ನೇತುಹಾಕಿದ ಫೋನು

ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ನನ್ನ ಕೆಲಸ. ರಾಮಗಿರಿ ಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆಯಾದ ಮನೆಯಿಂದ ನನಗೆ ಕರೆ ಬರುತ್ತದೆ. ಹೆರಿಗೆಯೆಲ್ಲ ಈಗ ಆಸ್ಪತ್ರೆಯಲ್ಲೇ. ಆದರೆ ನೀರು ಹಾಕಲು ಡಾಕ್ಟರು ಮನೆಗೆ ಬರುವುದಿಲ್ಲ. ಹಾಗಾಗಿ ನನ್ನ ಕೆಲಸ ಉಳಿದಿದೆ.

ಈ ಮನೆಗೆ ಹೋದದ್ದು ಕಳೆದ ಚಳಿಗಾಲದಲ್ಲಿ. ಹುಡುಗಿಗೆ ಚೊಚ್ಚಲು. ಹೊಸದುರ್ಗದ ಕಡೆ ಕೊಟ್ಟಿದ್ದರು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಕೂಸು. ಮನೆಯಲ್ಲಿ ಅವಳು, ಅವಳ ತಾಯಿ, ತಂದೆ. ತಂದೆ ಬೆಳಿಗ್ಗೆ ಚಿಕ್ಕಜಾಜೂರಿನ ಅಂಗಡಿಗೆ ಹೋದರೆ ಕತ್ತಲಾದ ಮೇಲೇ ಬರುವವನು. ಮನೆ ನಡೆಯುತ್ತಿದ್ದದ್ದು ತಾಯಿಯ ಮಾತಿನಲ್ಲಿ.

ಬಚ್ಚಲು ಹಿತ್ತಲಲ್ಲಿತ್ತು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಅದರ ಪಕ್ಕ ತಣ್ಣೀರಿನ ತೊಟ್ಟಿ, ಕಿಟಕಿ ಇಲ್ಲ. ಹಂಡೆಯ ನೀರು ಕುದಿಯಬೇಕು, ಅದನ್ನು ಬಕೆಟ್ಟಿನಲ್ಲಿ ತಣ್ಣೀರಿಗೆ ಬೆರೆಸಿ ಹದ ಮಾಡಬೇಕು. ಬಾಣಂತಿಗೆ ಹರಳೆಣ್ಣೆ ತಿಕ್ಕಿ, ಬೆನ್ನಿಗೆ ಸೊಂಟಕ್ಕೆ ಚೊಂಬಿನಿಂದ ಬೀಸಿ ಬೀಸಿ ಹಾಕಬೇಕು. ಆಮೇಲೆ ಹೊಟ್ಟೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಿಗಿದು, ಸಾಂಬ್ರಾಣಿ ಹೊಗೆ ಕೊಡಬೇಕು. ಕೊನೆಗೆ ಕೂಸು. ನಾನು ಕಾಲು ಚಾಚಿ ಕೂತು ಮೊಣಕಾಲಿನ ಕೆಳಗೆ ಅದನ್ನು ಮಲಗಿಸಿಕೊಂಡು ನೀರು ಹಾಕುತ್ತೇನೆ. ಒಮ್ಮೆ ಬಾಗಿಲು ಹಾಕಿದರೆ ಎಲ್ಲ ಮುಗಿಯುವವರೆಗೂ ಯಾರೂ ತೆಗೆಯುವಂತಿಲ್ಲ. ಬಾಣಂತಿಗೆ ಗಾಳಿ ತಾಗಬಾರದು.

ಹುಡುಗಿ ಮೊದಮೊದಲು ಎಲ್ಲರಂತೆಯೇ ಇದ್ದಳು. ಒಂದು ವಾರ ಕಳೆದಿರಬೇಕು, ಬೆನ್ನು ತಿಕ್ಕುವಾಗ ತಿರುಗದೆಯೇ ಹೇಳಿದಳು.

"ಅಜ್ಜಿ, ಅದು ರೆಪ್ಪೆ ಬಡಿಯಲ್ಲ. ನೋಡಿದೀಯ?"

ನಾನು ನೋಡಿರಲಿಲ್ಲ. ಅವತ್ತು ನೋಡಿದೆ. ಕೂಸು ನನ್ನ ಕಾಲ ಮೇಲೆ ಅಂಗಾತ ಮಲಗಿ ಕಣ್ಣು ಬಿಟ್ಟುಕೊಂಡಿತ್ತು. ಬಿಸಿನೀರು ಬಿದ್ದರೆ ಊರೇ ಕೇಳುವಂತೆ ಕಿರುಚುವ ಕೂಸುಗಳನ್ನು ಕಂಡವಳು ನಾನು. ಇದು ಅಳುತ್ತಿರಲಿಲ್ಲ. ನೀರು ಬಿದ್ದರೆ ತುಟಿ ಒಂದಿಷ್ಟು ಅಲುಗಿಸಿ ಮತ್ತೆ ನನ್ನ ಮುಖವನ್ನೇ ನೋಡುತ್ತಿತ್ತು. ಸಾಧು ಕೂಸು ಕಣೇ, ಪುಣ್ಯ ಮಾಡಿದೀಯ ಅಂದೆ.

ಊರಿನ ಆಶಾ ಕಾರ್ಯಕರ್ತೆ ಬಾಣಂತಿಯನ್ನು ನೋಡಲು ಬಂದಾಗ ಕೂಸನ್ನು ತೂಗಲು ಹುಡುಗಿಯ ತಾಯಿ ಬಿಡಲಿಲ್ಲ. ಹೆಸರಿಡುವವರೆಗೂ ತಕ್ಕಡಿಗೆ ಹಾಕುವುದಿಲ್ಲ, ದೃಷ್ಟಿಯಾಗುತ್ತದೆ ಅಂದಳು. ತೊಟ್ಟಿಲಿಗೆ ಸೀರೆ ಮುಚ್ಚಿದ್ದಳು. ಆದರೆ ಹುಡುಗಿಯ ಮುಖ ಮುಚ್ಚಿರಲಿಲ್ಲವಲ್ಲ. ಕಣ್ಣು ಗುಳಿ ಬಿದ್ದಿದ್ದವು. ನಿದ್ದೆ ಬರುತ್ತಾ ಅಂದರೆ ಬರುತ್ತೆ ಅಂದಳು. ಆಶಾ ನಂಬಲಿಲ್ಲ. ದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿ ತೋರಿಸಿರಿ, ಇಲ್ಲ ಅಂದರೆ ಫೋನಿನಲ್ಲಿ ಮಾತಾಡುವ ಒಬ್ಬ ಮೇಡಂ ಇದ್ದಾರೆ, ಮನಸ್ಸಿನ ತೊಂದರೆಗೆ ಮಾತಾಡಿ ದಾರಿ ಹೇಳುತ್ತಾರೆ, ಅವರ ಜೊತೆಗಾದರೂ ಮಾತಾಡಿಸಿರಿ ಅಂದಳು. ಆಸ್ಪತ್ರೆಗೆ ಹೋದರೆ ನಾಲ್ಕು ಜನ ನೋಡುತ್ತಾರೆ, ಹೊಸದುರ್ಗಕ್ಕೆ ಸುದ್ದಿ ಹೋಗುತ್ತದೆ. ಫೋನಾದರೆ ಯಾರಿಗೆ ಗೊತ್ತಾಗುತ್ತದೆ? ತಾಯಿ ಫೋನಿಗೆ ಒಪ್ಪಿದಳು.

ಮೊದಲ ಸಲ ಆ ಮೇಡಂ ಫೋನಿನಲ್ಲಿ ಮುಖ ತೋರಿಸಿದಾಗ ನಾನೂ ಅಲ್ಲೇ ಇದ್ದೆ. ತಾಯಿ ಮಗಳ ಮುಖ ತೊಳೆಸಿ, ಕುಂಕುಮ ಇಟ್ಟು, ಒಳ್ಳೆಯ ಸೀರೆ ಉಡಿಸಿ ಚಾಪೆಯ ಮೇಲೆ ಕೂರಿಸಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಕೂರಿಸುತ್ತಾರಲ್ಲ, ಹಾಗೆ. ಕಿವಿಗೆ ಬಟ್ಟೆ ಬಿಗಿದದ್ದರಿಂದ ಕಿವಿಯೊಳಗೆ ಇಟ್ಟುಕೊಳ್ಳುವ ವೈರು ಆಗುವುದಿಲ್ಲ ಅಂತ ಫೋನನ್ನು ಜೋರಾಗಿ ಇಟ್ಟಿದ್ದರು. ಮೇಡಂ ಕೇಳಿದ್ದು ಅಡುಗೆಮನೆವರೆಗೂ ಕೇಳುತ್ತಿತ್ತು. ತಾಯಿ ಮಗಳ ಹಿಂದೆಯೇ ಕೂತಿದ್ದಳು. ನಿದ್ದೆ? ಹ್ಞೂಂ. ಊಟ? ಹ್ಞೂಂ. ಬೇಜಾರು? ಅದಕ್ಕೆ ತಾಯಿಯೇ ಉತ್ತರ ಕೊಟ್ಟಳು, ಬೇಜಾರೇನೈತೆ ಮೇಡಂ, ಗಂಡು ಕೂಸು ಅಂತ. ಕೂಸನ್ನು ಎತ್ತಿಕೊಂಡು ತೋರಿಸುತ್ತೀರಾ ಅಂತ ಮೇಡಂ ಕೇಳಿದಾಗಲೂ ತಾಯಿಯೇ ಆಗೋದಿಲ್ಲ ಅಂದಳು. ಕಾಣದ ಊರಿನವರ ಕಣ್ಣು ಫೋನೊಳಗಿಂದ ಬಿದ್ದರೂ ಬಿದ್ದಂತೆಯೇ. ಮೇಡಂ ಒತ್ತಾಯ ಮಾಡಲಿಲ್ಲ.

ಹೀಗೆ ಎರಡು ಮೂರು ಸಲ ಆಯಿತು. ಆಮೇಲೆ ಆಶಾ ದಾರಿಯಲ್ಲಿ ನನ್ನನ್ನು ನಿಲ್ಲಿಸಿದಳು. ಆ ಮನೆಯಲ್ಲಿ ಹುಡುಗಿ ತಾಯಿಯ ಕಣ್ಣು ತಪ್ಪಿ ಇರುವ ಜಾಗ ಯಾವುದು ಅಂತ ಮೇಡಂ ಕೇಳುತ್ತಿದ್ದಾರೆ ಅಂದಳು. ಇನ್ಯಾವುದಿರುತ್ತದೆ, ಬಚ್ಚಲು ಅಂದೆ. ಅಂದ ಮೇಲೆ ಅವಳು ಏನು ಕೇಳಲಿದ್ದಾಳೆ ಅಂತ ಹೊಳೆಯಿತು.

"ಬಚ್ಚಲಿಗೆ ಫೋನು ತರ್ತೀಯೇನೇ? ಮೈಮೇಲೆ ಬಟ್ಟೆ ಇಲ್ಲದೋಳ್ನ ತೋರ್ಸಕ್ಕಾ?"

"ತೋರ್ಸೋದೇನಿಲ್ಲ ಅಜ್ಜಿ. ಗ್ವಾಡೆ ಕಡೆ ತಿರುಗ್ಸಿ ನೇತಾಕು. ಬರೀ ಮಾತು."

ಮೇಡಂ ನನ್ನ ಜೊತೆಗೂ ಮಾತಾಡಿದರು. ಮೊದಲು ಹುಡುಗಿ ಒಪ್ಪಬೇಕು, ನಾನು ಅಲ್ಲಿರುವುದನ್ನೂ ಅವಳು ಒಪ್ಪಬೇಕು ಅಂದರು. ಕೇಳಿದೆ. ಅಜ್ಜಿ ಇದ್ದರೆ ಇರಲಿ ಅಂದಳು. ತಾಯಿಯೂ ಬೇಡ ಅನ್ನಲಿಲ್ಲ. ಬಚ್ಚಲಿನೊಳಗೆ ನೋಡುವವರು ಯಾರಿದ್ದಾರೆ?

ಹಾಲಿನ ಕವರಿನೊಳಗೆ ಫೋನಿಟ್ಟು, ಬಾಯಿ ಕಟ್ಟಿ, ಮೊಳೆಗೆ ನೇತುಹಾಕಿದೆ. ಮುಖ ಗೋಡೆಗೆ. ಮೊದಲ ದಿನ ಮೇಡಂ ಹೆಚ್ಚು ಏನೂ ಕೇಳಲಿಲ್ಲ. ನೀರು ಹದವಾಗಿದೆಯಾ ಅಂತ ಕೇಳಿದರು. ಇದನ್ನು ಕೇಳಲಿಕ್ಕೆ ಅಷ್ಟು ಓದಬೇಕಿತ್ತಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಮರುದಿನವೂ ಹಾಗೇ. ಅದರ ಮರುದಿನ ಹುಡುಗಿ ತಾನಾಗಿ ಶುರು ಮಾಡಿದಳು. ಗೋಡೆಗೆ ಮುಖ ಮಾಡಿದ ಫೋನಿಗೆ, ತಾನೂ ಗೋಡೆ ನೋಡುತ್ತಾ ಹೇಳಿದಳು.

"ಅದು ನನ್ನ ಉಸಿರು ಎಣಿಸ್ತೈತೆ ಮೇಡಂ. ನಾನು ನಿದ್ದೆ ಹೋದ್ರೆ ಎಣಿಸೋದು ನಿಲ್ಲಿಸ್ತೈತಂತೆ. ಆಗ ನಾನು ಸಾಯ್ತೀನಂತೆ."

"ಹಾಗಂತ ಯಾರು ಹೇಳ್ತಾರೆ?"

"ಒಳಗಿಂದ ಹೇಳ್ತಾರೆ."

ನನ್ನ ಕೈ ನಿಂತಿತು. ಬೈಯಬೇಕು ಅಂತ ಬಾಯಿ ತೆರೆದೆ. ಮೇಡಂ ಮೊದಲೇ ಹೇಳಿದ್ದರು, ಅವಳು ಏನೇ ಅಂದರೂ ಹೌದು ಅನ್ನಬೇಡಿ, ಅಲ್ಲ ಅಂತ ಜಗಳವೂ ಆಡಬೇಡಿ ಅಂತ. ನನ್ನ ಬಾಯಿಗೆ ಅದು ದೊಡ್ಡ ಶಿಕ್ಷೆ. ಮೇಡಂ ಮಾತ್ರ ನೀರಿನ ಹದ ಕೇಳಿದ ದನಿಯಲ್ಲೇ ಕೇಳುತ್ತಾ ಹೋದರು. ಆ ಮಾತು ಯಾವಾಗ ಹೆಚ್ಚು ಕೇಳುತ್ತದೆ, ಯಾವಾಗ ಕಡಿಮೆ, ಅದು ಏನಾದರೂ ಮಾಡು ಅಂತ ಹೇಳುತ್ತದಾ? ಕೊನೆಗೆ ನೇರವಾಗಿ ಕೇಳಿದರು, ನಿಮಗೆ ನೀವು ಏನಾದರೂ ಮಾಡಿಕೊಳ್ಳಬೇಕು, ಮಗುವಿಗೆ ಏನಾದರೂ ಮಾಡಬೇಕು ಅನ್ನಿಸುತ್ತದಾ ಅಂತ. ಇಲ್ಲ ಅಂದಳು. ನನಗೆ ಸಿಟ್ಟು ಬಂತು. ಬಾಣಂತಿ ಮುಂದೆ ಎಂಥ ಮಾತು ಅಂತ.

ಅವತ್ತೇ ಮೇಡಂ ತಾಯಿಗೆ ಫೋನು ಮಾಡಿ ಹೇಳಿದರು. ಇದು ಫೋನಿನಲ್ಲಿ ಮಾತಾಡಿ ಮುಗಿಸುವ ಕಾಯಿಲೆಯಲ್ಲ, ಡಾಕ್ಟರು ನೋಡಬೇಕು, ಇವತ್ತೇ ಆದರೆ ಒಳ್ಳೆಯದು, ಅಲ್ಲಿಯವರೆಗೆ ಕೂಸಿನ ಜೊತೆ ಅವಳೊಬ್ಬಳನ್ನೇ ಬಿಡಬೇಡಿ ಅಂದರು. ಆಶಾಳೂ ಬಂದು ಹೇಳಿದಳು. ತಾಯಿ ನಾಳೆ ಅಂದಳು. ನಾಳೆ ಬಂದಾಗ, ಹೊಸದುರ್ಗದವರು ತೊಟ್ಟಿಲು ಶಾಸ್ತ್ರಕ್ಕೆ ಬಂದು ಹೋಗಲಿ ಅಂದಳು. ಆಶಾ ಹೋದ ಮೇಲೆ ನನ್ನ ಮುಂದೆ ಗೊಣಗಿದಳು, ನನ್ನ ಮಗಳೇನು ಕೂಸು ತಿನ್ನೋ ರಾಕ್ಷಸಿನಾ ಅಂತ.

ನಾನು ದೆವ್ವಕ್ಕೆ ಹೆದರುವವಳಲ್ಲ. ಸತ್ತವರಿಗೂ ಕೊನೆ ನೀರು ಹಾಕಿದ್ದೇನೆ. ಆದರೆ ಆ ದಿನಗಳಲ್ಲಿ ನನಗೆ ಏನೋ ಹಿಡಿಯಿತು. ಮನೆಗೆ ಬಂದು ಮುದ್ದೆ ತಿರುವುತ್ತಿದ್ದರೂ ಆ ಎರಡು ಕಣ್ಣು ಬೆನ್ನ ಹಿಂದೆ ಇದ್ದಂತಾಗುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಉಸಿರು ನನಗೇ ಕೇಳಿಸಲು ಶುರುವಾಗುತ್ತಿತ್ತು. ಒಂದು ಬಿಟ್ಟೆ, ಇನ್ನೊಂದು ತಗೊಂಡೆ. ನೀರು ಹಾಕುವಾಗ ಕೂಸನ್ನು ಬೋರಲು ಮಲಗಿಸಿ ಬೇಗ ಮುಗಿಸುತ್ತಿದ್ದೆ. ಅದರ ಮುಖ ನೋಡುವುದನ್ನು ಬಿಟ್ಟೆ.

ಶಾಸ್ತ್ರಕ್ಕೆ ಒಂದು ದಿನ ಉಳಿದಿತ್ತು. ಹುಡುಗಿಗೆ ನೀರು ಹಾಕಿ, ಬಟ್ಟೆ ಕಟ್ಟಿ, ಒಲೆ ಪಕ್ಕ ಮಣೆಯ ಮೇಲೆ ಕೂರಿಸಿದೆ. ಫೋನು ಗೋಡೆಯಲ್ಲಿತ್ತು, ಆ ಕಡೆ ಮೇಡಂ ಇದ್ದರು. ಒಲೆಯ ಇನ್ನೊಂದು ಕಣ್ಣಿನ ಮೇಲೆ ಮಡಕೆಯಲ್ಲಿ ಕಲೆಯಾದ ಬಟ್ಟೆ ಕುದಿಯುತ್ತಿದ್ದವು. ಇದೆಲ್ಲ ಹೋಗುತ್ತಾ ಅಜ್ಜಿ ಅಂತ ಹುಡುಗಿ ಕೇಳಿದಳು. ಕುದಿಸಿದರೆ ಎಲ್ಲ ಹೋಗುತ್ತೆ ಅಂದೆ. ತಾನಾಗಿ ಮಾತಾಡಿದಳಲ್ಲ ಅಂತ ನನಗೆ ಸಮಾಧಾನವೇ ಆಯಿತು.

ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ಹಚ್ಚಿ ಎರಡು ಚೊಂಬು ಹಾಕಿದ್ದೆ. ಅವಳು ಕೈ ಚಾಚಿದಳು.

"ಕೊಡು ಅಜ್ಜಿ. ನಾನು ಹಾಕ್ತೀನಿ."

ಅಲ್ಲಿಯವರೆಗೆ ಒಂದು ದಿನವೂ ಕೂಸನ್ನು ಕೇಳಿದವಳಲ್ಲ. ಮೇಡಂ ಮಾತು ಹತ್ತಿತು ಅಂದುಕೊಂಡೆ. ಹಿಂದುಮುಂದು ನೋಡದೆ ಕೊಟ್ಟೆ.

ಅವಳು ಕೂರಲಿಲ್ಲ, ಎದ್ದಳು. ಎಡಗೈ ಮೇಲೆ ಕೂಸು. ಬಲಗೈಯಿಂದ ಹಂಡೆಯ ಮುಚ್ಚಳ ತೆಗೆದು, ಸದ್ದಾಗದಂತೆ ನೆಲದ ಮೇಲಿಟ್ಟಳು. ಹಬೆ ಮೇಲೆದ್ದು ಅವಳ ಮುಖ ಕಾಣದಂತಾಯಿತು. ಒಳಗಿಂದ ದನಿ ಮಾತ್ರ ಬಂತು. ಕೂಸಿಗೆ ಹೇಳುತ್ತಿದ್ದಳು.

"ಸುಮ್ಕಿರು. ಹೋಗ್ತೈತೆ. ಇದು ಹೋಗಿ ನಮ್ದು ಬರ್ತೈತೆ."

ನನ್ನ ಕಾಲಿಗೆಲ್ಲ ಎಣ್ಣೆ. ನೆಲ ಜಾರುತ್ತಿತ್ತು. ಹೇಗೆ ಎದ್ದೆನೋ ಗೊತ್ತಿಲ್ಲ. ಅವಳ ಮೊಣಕೈ ನನ್ನ ಕೈಗೆ ಸಿಕ್ಕಿತು, ಆಮೇಲೆ ಕೂಸು ಸಿಕ್ಕಿತು. ಅವಳು ಎಳೆದಾಡಲಿಲ್ಲ. ಬಿಟ್ಟುಕೊಟ್ಟು ಹಾಗೇ ನಿಂತಳು.

ಗೋಡೆಯಿಂದ ಮೇಡಂ ಕೇಳಿದರು, "ಅಜ್ಜಿ? ನೀರಿನ ಸದ್ದು ನಿಂತಿದೆ. ಏನಾಯ್ತು?"

ಏನಿಲ್ಲ ಮೇಡಂ ಅಂದುಬಿಡಬಹುದಿತ್ತು. ಆ ಮನೆಯಲ್ಲಿ ಎಲ್ಲದಕ್ಕೂ ಕೊಡುತ್ತಿದ್ದ ಉತ್ತರ ಅದೇ. ಹೇಳಿದರೆ ಈ ಹುಡುಗಿಯ ಸಂಸಾರ ಏನಾಗುತ್ತದೆ ಅಂತ ನನಗೂ ಗೊತ್ತಿತ್ತು. ನನ್ನನ್ನು ಇನ್ಯಾವ ಮನೆಯ ಬಚ್ಚಲಿಗೂ ಸೇರಿಸದಿರಬಹುದು, ಒಳಗಿನದನ್ನು ಹೊರಗೆ ಹಾಕುವ ಮುದುಕಿ ಅಂತ. ಇದೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು, ಒಂದು ಉಸಿರಿನಲ್ಲಿ ಬಂದು ಹೋಯಿತು. ಕೂಸನ್ನು ಎದೆಗೆ ಒತ್ತಿಕೊಂಡು, ಒಂದು ಕೈಯಿಂದ ಮೊಳೆಯಲ್ಲಿದ್ದ ಕವರು ಕಿತ್ತು, ಫೋನು ತೆಗೆದು, ಮುಖ ತಿರುಗಿಸಿದೆ. ಮೇಡಂ ಮುಖ ಕಾಣಲು ಏನು ಒತ್ತಬೇಕೋ ನನಗೆ ತಿಳಿಯದು, ಅವರೇ ಹೇಳಿಕೊಟ್ಟರು. ಮೊದಲು ಹಂಡೆ ತೋರಿಸಿದೆ, ಆಮೇಲೆ ಹುಡುಗಿಯನ್ನು, ಆಮೇಲೆ ಕೂಸನ್ನು. ನಡೆದದ್ದನ್ನು ನಡೆದಂತೆ ಹೇಳಿದೆ.

"ಮಗು ನಿಮ್ಮ ಕೈಯಲ್ಲೇ ಇರಲಿ. ಅವರನ್ನ ಬೈಬೇಡಿ. ಒಲೆಯಿಂದ ದೂರ ಕೂರಿಸಿ. ಬಾಗಿಲು ತೆಗೀರಿ ಅಜ್ಜಿ."

ತೆಗೆದೆ. ತಣ್ಣನೆ ಗಾಳಿ ನುಗ್ಗಿತು. ತಾಯಿ ಓಡಿ ಬಂದಳು, ಗಾಳಿ ತಾಗುತ್ತೆ ಅಂತ ಕೂಗುತ್ತಾ.

ಮೇಡಂ ಕೂಸಿನ ಮುಖ ಹತ್ತಿರ ಹಿಡಿಯಲು ಹೇಳಿದರು. ಬೆಳಕಿಗೆ ತಂದು ಹಿಡಿದೆ. ಬಾಯಿ ತೋರಿಸಿ ಅಂದರು, ನೆತ್ತಿ ತೋರಿಸಿ ಅಂದರು. ಬೆಳಿಗ್ಗೆಯಿಂದ ಬಟ್ಟೆ ಒದ್ದೆ ಮಾಡಿದೆಯಾ ಅಂತ ಕೇಳಿದರು. ಅದರ ಬಟ್ಟೆ ಒಗೆಯುವವಳು ನಾನೇ. ಒಣಗಿಯೇ ಇದ್ದವು. ಒಗೆಯುವುದು ಕಡಿಮೆಯಾಯಿತು ಅಂತ ಖುಷಿಪಟ್ಟಿದ್ದೆ.

"ನಾನು ಡಾಕ್ಟರಲ್ಲ. ಆದ್ರೆ ಇದು ಸಾಧು ಮಗು ಅಲ್ಲ ಅನ್ಸುತ್ತೆ ಅಜ್ಜಿ. ಹಸಿದಿದೆ. ಅಳೋಕೆ ಶಕ್ತಿ ಇಲ್ಲ."

ಆಮೇಲೆ ಗೊತ್ತಾಯಿತು, ಹುಡುಗಿ ಹಾಲು ಕುಡಿಸುತ್ತಿರಲಿಲ್ಲ. ಗೋಡೆಗೆ ತಿರುಗಿ ಸೆರಗಿನೊಳಗೆ ಕೂಸನ್ನು ಸುಮ್ಮನೆ ಇಟ್ಟುಕೊಂಡು ಕೂತಿರುತ್ತಿದ್ದಳು. ಹಾಲು ಕುಡಿಸುವಾಗ ಯಾರೂ ನೋಡಬಾರದು ಅಂತ ನಾವೇ ಹೇಳಿಕೊಟ್ಟದ್ದು. ಅವಳ ತಾಯಿ ಆಗೀಗ ಹತ್ತಿಯಲ್ಲಿ ಅದ್ದಿ ಬಿಟ್ಟ ಹಸುವಿನ ಹಾಲಿನಲ್ಲಿ ಅದು ಜೀವ ಹಿಡಿದಿತ್ತು. ರೆಪ್ಪೆ ಬಡಿಯದೆ ನೋಡುತ್ತದೆ ಅಂತ ನಾನು ಬೋರಲು ಹಾಕುತ್ತಿದ್ದ ಕೂಸು, ಹಸಿದು ನೋಡುತ್ತಿತ್ತು.

ತಾಯಿ ಬಾಗಿಲಿಗೆ ಅಡ್ಡ ನಿಂತಳು. "ನಾಳೆ ಬೀಗರು ಬರ್ತಾರೆ. ಹುಚ್ಚಿ ಅಂತ ಬಿಟ್ಟೋದ್ರೆ ನೀನು ಸಾಕ್ತೀಯಾ ಇವಳ್ನ?"

"ಸಾಕಕ್ಕೆ ಇವು ಎರಡೂ ಉಳೀಬೇಕಲ್ಲ ಕಣಮ್ಮ. ಒಳಗೋಗಿ ನೋಡು, ಹಂಡೆ ಮುಚ್ಚಳ ಎಲ್ಲೈತೆ ಅಂತ."

ಹೋಗಿ ನೋಡಿದಳು. ಹೊರಗೆ ಬಂದು ಬಾಗಿಲು ಬಿಟ್ಟು ನಿಂತಳು. ಕೂಸಿಗೆ ಮಾತ್ರ ಹುಷಾರಿಲ್ಲ ಅಂತ ಹೇಳಿ ಕರೆದುಕೊಂಡು ಹೋಗಬಹುದಾ ಅಂತ ಫೋನಿಗೆ ಕೇಳಿದಳು. ಮಗುವಿಗೂ ಹುಷಾರಿಲ್ಲ, ತಾಯಿಗೂ ಹುಷಾರಿಲ್ಲ, ಎರಡೂ ನಿಜ, ಎರಡನ್ನೂ ಹೇಳಿ ಅಂದರು ಮೇಡಂ.

ಆಶಾ ಆಂಬುಲೆನ್ಸ್ ಕರೆಸಿದಳು. ತಾಯಿಯ ಮಡಿಲಲ್ಲಿ ಕೂಸು, ನನ್ನ ಪಕ್ಕ ಹುಡುಗಿ. ಹೊಳಲ್ಕೆರೆ ದಾಟುವವರೆಗೂ ಮೇಡಂ ಫೋನಿನಲ್ಲೇ ಇದ್ದು ಅವಳ ಜೊತೆ ಮಾತಾಡುತ್ತಿದ್ದರು. ಆಮೇಲೆ ಸಿಗ್ನಲ್ ಹೋಯಿತು. ಅದು ನಮ್ದಲ್ಲ ಅಂತ ಅವ್ವಂಗೆ ಹೇಳು ಅಜ್ಜಿ, ಸುಮ್ನೆ ಹೊತ್ಕಂಡವಳೆ ಅಂದಳು ಹುಡುಗಿ. ನಾನು ಹೇಳುವುದಕ್ಕಿಂತ ಅಲ್ಲಿಯ ಡಾಕ್ಟರಿಗೆ ನೀನೇ ಹೇಳು ಅಂದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನನ್ನ ಬಾಯಿ ಅಷ್ಟು ಕಲಿತಿತ್ತು.

ದುರ್ಗದಲ್ಲಿ ಕೂಸನ್ನು ಒಂದು ಕಡೆ, ಹುಡುಗಿಯನ್ನು ಒಂದು ಕಡೆ ಸೇರಿಸಿಕೊಂಡರು. ಮೇಡಂ ಅಲ್ಲಿಯ ಡಾಕ್ಟರಿಗೆ ಮೊದಲೇ ಎಲ್ಲ ಹೇಳಿಟ್ಟಿದ್ದರು. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗೆ ಬರುತ್ತದೆ, ತಡ ಮಾಡಬಾರದು, ಮಾತ್ರೆಗೆ ಬಗ್ಗುತ್ತದೆ ಅಂದರು ಡಾಕ್ಟರು. ಬೀಗರು ಶಾಸ್ತ್ರಕ್ಕೆ ಬರುವ ಬದಲು ಆಸ್ಪತ್ರೆಗೆ ಬಂದರು. ಅತ್ತೆ ವರಾಂಡದಲ್ಲಿ ನಿಂತು ಆಡಬಾರದ್ದೆಲ್ಲ ಆಡಿದಳು. ಗಂಡ ನನ್ನ ಹತ್ತಿರ ಬಂದು ಅವಳು ಊಟ ಮಾಡಿದಳಾ ಅಂತ ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ಬೇರೇನೂ ಕೇಳಲಿಲ್ಲ.

ಕೂಸು ಅತ್ತದ್ದು ಅಲ್ಲಿಯೇ. ಹೊಟ್ಟೆಗೆ ಬಿದ್ದು ಎರಡು ದಿನಕ್ಕೆ ವಾರ್ಡೆಲ್ಲ ಕೇಳುವಂತೆ ಕಿರುಚಿತು. ಪಕ್ಕದ ಹಾಸಿಗೆಯವಳು, ಅಬ್ಬಾ ಇದೆಂಥ ಗಂಟಲು ಅಂತ ಬೈದಳು.

ಕುದಿಸಿದರೆ ಎಲ್ಲ ಹೋಗುತ್ತೆ ಅಂತ ಬಟ್ಟೆ ಕುದಿಸುವಾಗ ನಾನು ಆಡಿದ ಮಾತನ್ನು ಮೇಡಂಗೆ ಹೇಳಿದೆ. ಕಾಯಿಲೆ ಕೈಗೆ ಸಿಕ್ಕ ಮಾತನ್ನು ಎತ್ತಿಕೊಳ್ಳುತ್ತದೆ ಅಜ್ಜಿ, ನೀವು ಅನ್ನದಿದ್ದರೆ ಬೇರೆ ಯಾವುದನ್ನೋ ಎತ್ತಿಕೊಳ್ಳುತ್ತಿತ್ತು ಅಂದರು. ಇರಬಹುದು. ಆದರೂ ಆ ಮಾತು ಅವಳ ಬಾಯಿಂದ ಹಬೆಯೊಳಗೆ ಬಂದದ್ದು ನನ್ನ ಕಿವಿಯಲ್ಲಿದೆ. ಹೋಗಿಲ್ಲ.

ಊರಿಗೆ ಬಂದ ಮೇಲೂ ಮೇಡಂ ವಾರ ವಾರ ಫೋನಿನಲ್ಲಿ ಅವಳ ಜೊತೆ ಮಾತಾಡುತ್ತಿದ್ದರು. ಈಗ ಕೋಣೆಯಲ್ಲೇ, ಕಿವಿಯ ಬಟ್ಟೆ ಬಿಚ್ಚಿ, ವೈರು ಹಾಕಿಕೊಂಡು. ತಾಯಿ ಹೊರಗೆ ಕೂತು ಕಿವಿಗೆ ಗಾಳಿ ಹೋಗುತ್ತೆ ಅಂತ ಗೊಣಗುತ್ತಿದ್ದಳು, ಒಳಗೆ ಹೋಗುತ್ತಿರಲಿಲ್ಲ. ಮಾತ್ರೆ ನಡೆದಿತ್ತು. ಅವಳು ನಿದ್ದೆ ಮಾಡುತ್ತಿದ್ದಳು. ಕೂಸನ್ನು ತಮ್ಮದು ಅನ್ನುತ್ತಿದ್ದಳು, ಆದರೆ ಎತ್ತಿಕೊಂಡ ಕೂಡಲೇ ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ತನ್ನ ಕೈಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

ಬೇಸಿಗೆ ಶುರುವಾದಾಗ, ಡಾಕ್ಟರು ಒಪ್ಪಿದ ಮೇಲೆ ಮೇಡಂ ನನಗೆ ಹೇಳಿ ಕಳಿಸಿದರು. ಅವಳು ತಾನೇ ಕೂಸಿಗೆ ನೀರು ಹಾಕಲಿ, ನೀವು ಪಕ್ಕದಲ್ಲಿ ಇರಿ, ಅವತ್ತಿನದನ್ನು ಕೇಳಿದರೆ ಕಂಡದ್ದನ್ನಷ್ಟೇ ಹೇಳಿ, ಸೇರಿಸಬೇಡಿ ಅಂತ.

ಹೋದೆ. ನೀರು ಹದ ಮಾಡಿಟ್ಟೆ. ಹಂಡೆಗೂ ಅವಳಿಗೂ ನಡುವೆ ಕೂತೆ. ಅವಳು ಕಾಲು ಚಾಚಿ, ನಾನು ತೋರಿಸಿದಂತೆ ಕೂಸನ್ನು ಮಲಗಿಸಿಕೊಂಡಳು. ದಪ್ಪವಾಗಿತ್ತು, ಒದ್ದಾಡುತ್ತಿತ್ತು. ಚೊಂಬು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಅವತ್ತು ನನ್ನ ಕೈ ತಾನಾಗೇ ನಿಂತಿತ್ತಾ ಅಜ್ಜಿ? ಇಲ್ಲ ನೀನು ಹಿಡ್ದಿದ್ದಕ್ಕೆ ನಿಂತಿತಾ?"

ನಾನು ಎಷ್ಟೋ ಸಲ ಇದನ್ನೇ ತಿರುಗಿಸಿ ನೋಡಿದ್ದೆ. ಹಬೆಯಲ್ಲಿ ಕಂಡದ್ದು ಇಷ್ಟೇ.

"ನಾನು ಹಿಡಿದಾಗ ನಿಂತಿತ್ತು. ಅದಕ್ಕೆ ಮುಂಚೆ ನಿಂತಿತ್ತೋ ಇಲ್ವೋ ನಂಗೊತ್ತಿಲ್ಲ."

"ನಿಂತಿತ್ತು ಅಂತ ಸುಳ್ಳು ಹೇಳಬೌದಿತ್ತು."

"ಹೇಳಬೌದಿತ್ತು."

ಅವಳು ತುಂಬಾ ಹೊತ್ತು ಕೂಸಿನ ಹೊಟ್ಟೆ ಏರಿ ಇಳಿಯುವುದನ್ನು ನೋಡಿದಳು. ಬಕೆಟ್ಟಿಗೆ ಮೊಣಕೈ ಅದ್ದಿ ಬಿಸಿ ನೋಡಿದಳು, ಮತ್ತೆ ಅದ್ದಿ ನೋಡಿದಳು. ಮೊದಲ ಚೊಂಬು ಬೀಳುತ್ತಿದ್ದಂತೆ ಕೂಸು ಅರಚಿತು. ತಾಯಿ ಹೊರಗಿಂದ ಏನಾಯಿತು ಅಂತ ಕೇಳಿದಳು. ನನ್ನ ಕೆಲಸ ಮುಗಿಯಿತಲ್ಲ, ಇನ್ನು ಇವಳೇ ನೋಡಿಕೊಳ್ಳಲಿ ಅಂತ ನಾನು ಮಂಡಿಯ ಮೇಲೆ ಕೈಯೂರಿ ಏಳಲು ಹೋದೆ.

"ಏಳಬ್ಯಾಡ ಅಜ್ಜಿ," ಅಂದಳು, ಕೂಸಿನ ಮೇಲಿಂದ ಕಣ್ಣು ತೆಗೆಯದೆ. "ಅಲ್ಲೇ ಕುಂತ್ಕ. ಆ ಜಾಗ ಬಿಡಬ್ಯಾಡ."

ನಾನು ಏಳಲಿಲ್ಲ.